ಸಿಸ್ಟರ್‌ಗೆ ಒಂದು ಕುರ್ಚಿ

(ಬಸವನಗುಡಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ. ಆಡುವಾಗ ಮರೆತಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ. ಮೈಕ್ ಕೈಕೊಟ್ಟ ಹತ್ತು ನಿಮಿಷ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕಾರ್ಯಕ್ರಮದ ಕಾರ್ಡಿನಲ್ಲಿ ನನ್ನ ಮಾತಿಗೆ ‘ಪ್ರಾಥಮಿಕ ಆರೋಗ್ಯ ಸೇವೆಯಲ್ಲಿ ಸಿಬ್ಬಂದಿಯ ಬದಲಾಗುತ್ತಿರುವ ಪಾತ್ರ’ ಅಂತ ಹೆಸರು ಹಾಕಿದ್ದಾರೆ. ಅದನ್ನು ಓದಿದ ಮೇಲೂ ಇಷ್ಟು ಜನ ಬಂದಿದ್ದೀರಲ್ಲ, ಮೊದಲು ಅದಕ್ಕೆ ಥ್ಯಾಂಕ್ಸ್. ನಾನು ವಿಷಯವನ್ನು ಸ್ವಲ್ಪ ಸುಲಭ ಮಾಡಿಕೊಳ್ಳುತ್ತೇನೆ. ನಿಮ್ಮ ಬೀದಿಯ ಕ್ಲಿನಿಕ್‌ನಲ್ಲಿ, ನಿಮ್ಮ ವಾರ್ಡಿನ ಆರೋಗ್ಯ ಕೇಂದ್ರದಲ್ಲಿ ಡಾಕ್ಟರನ್ನು ಬಿಟ್ಟು ಇನ್ನೂ ನಾಲ್ಕೈದು ಜನ ಓಡಾಡುತ್ತಿರುತ್ತಾರೆ. ಇವತ್ತಿನ ಮಾತು ಅವರದ್ದು.

ನಾನು ಡಾಕ್ಟರಾಗಿ ಮೊದಲು ಕೆಲಸಕ್ಕೆ ಸೇರಿದ್ದು ಮಾಗಡಿ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ಆಮೇಲೆ ಹನುಮಂತನಗರದ ಹತ್ತಿರ ಸ್ವಂತ ಕ್ಲಿನಿಕ್, 34 ವರ್ಷ. ಎರಡೂ ಕಡೆ ರೋಗಿ ಬಾಗಿಲಿಗೆ ಬಂದಾಗ ಮಾತಾಡಿಸುತ್ತಿದ್ದವರು ಬೇರೆಯವರು, ಹೊರಡುವಾಗ ಮಾತಾಡಿಸುತ್ತಿದ್ದವರೂ ಬೇರೆಯವರು. ನಡುವೆ ಎರಡು ನಿಮಿಷ ನಾನು. 67 ದೇಶಗಳಲ್ಲಿ ಡಾಕ್ಟರು ಒಬ್ಬ ರೋಗಿಗೆ ಎಷ್ಟು ಹೊತ್ತು ಕೊಡುತ್ತಾರೆ ಅಂತ ಲೆಕ್ಕ ಹಾಕಿದ ಒಂದು ಅಧ್ಯಯನ 2017ರಲ್ಲಿ ಬಂತು. ಬಾಂಗ್ಲಾದೇಶದಲ್ಲಿ 48 ಸೆಕೆಂಡು, ಸ್ವೀಡನ್‌ನಲ್ಲಿ ಇಪ್ಪತ್ತೆರಡೂವರೆ ನಿಮಿಷ. ನಾವು ಯಾರಿಗೆ ಹತ್ತಿರ ಅಂತ ಸೋಮವಾರ ಬೆಳಿಗ್ಗೆ ಟೋಕನ್ ಹಿಡಿದು ನಿಂತವರಿಗೆ ಹೇಳಬೇಕಾಗಿಲ್ಲ.

ಮೊದಲು ಕಂಪೌಂಡರ್ ವಿಷಯ. ಇಲ್ಲಿರುವ ಹುಡುಗ ಹುಡುಗಿಯರಿಗೆ ಈ ಪದವೇ ಗೊತ್ತಿರಲಿಕ್ಕಿಲ್ಲ. ನಮ್ಮ ಕೇಂದ್ರದಲ್ಲಿ ಒಬ್ಬರಿದ್ದರು. ಊರವರಿಗೆ ಅವರೇ ಅರ್ಧ ಡಾಕ್ಟರು. ಜನ ಮನೆಯಿಂದ ಖಾಲಿ ಬಾಟ್ಲಿ ತರುತ್ತಿದ್ದರು. ತರದಿದ್ದರೆ ಬೈಸಿಕೊಳ್ಳುತ್ತಿದ್ದರು. ಅದಕ್ಕೆ ಗುಲಾಬಿ ಬಣ್ಣದ ಮಿಕ್ಸ್‌ಚರ್ ತುಂಬಿ, ಒಂದು ಕಾಗದದ ಪಟ್ಟಿಯನ್ನು ಕತ್ತರಿಯಲ್ಲಿ ಹಲ್ಲು ಹಲ್ಲಾಗಿ ಕತ್ತರಿಸಿ ಬಾಟ್ಲಿಯ ಪಕ್ಕಕ್ಕೆ ಅಂಟಿಸುತ್ತಿದ್ದರು. ಒಂದು ಹಲ್ಲಿಗೆ ಒಂದು ಡೋಸು. ಓದಲು ಬಾರದವರ ಮಾತ್ರೆ ಪೊಟ್ಟಣದ ಮೇಲೆ ಒಂದು ಸೂರ್ಯ, ಒಂದು ಚಂದ್ರ. ಕೈಗೆ ಕೊಡುವಾಗ ಮಾತು. ನಾನು ಒಳಗೆ ಕೂತು ದಿನಾ ಹಾಲು ಕುಡಿಯಿರಿ ಅಂತ ಹೇಳಿ ಕಳಿಸಿದ್ದರೆ, ಅವರು ಕಿಟಕಿಯಲ್ಲಿ ಕೇಳುತ್ತಿದ್ದರು: “ಸಾಹೇಬ್ರು ಹಾಲು ಅಂದ್ರಲ್ಲ, ಮನೇಲಿ ಕರಾವು ಇದ್ಯೇನಮ್ಮ?” ಇಲ್ಲ ಅಂದರೆ, “ಸರಿ, ಹುರಳಿಕಾಳು ಬೇಯಿಸ್ಕೊಂಡು ತಿನ್ನು.” ನನ್ನ ಚೀಟಿಗೆ ಆ ಕಿಟಕಿಯಲ್ಲಿ ತಿದ್ದುಪಡಿ ಆಗುತ್ತಿತ್ತು. ಮೊದಮೊದಲು ನನಗೆ ಇದು ಇಷ್ಟವಾಗುತ್ತಿರಲಿಲ್ಲ. ವಯಸ್ಸು 25, ಕೋಟು ಹೊಸದು.

ಆಮೇಲೆ ಸ್ಟ್ರಿಪ್ ಮಾತ್ರೆ ಬಂತು, ಕಂಪನಿ ಸಿರಪ್ ಬಂತು. ಕಲಸಿ ಕೊಡುವುದೇ ಇಲ್ಲದ ಮೇಲೆ ಕಂಪೌಂಡರ್ ಯಾಕೆ? ಬೆಂಗಳೂರಿನ ಕ್ಲಿನಿಕ್‌ಗಳಲ್ಲಿ ಅವರ ಕೆಲಸದ ಅರ್ಧ ಮೆಡಿಕಲ್ ಶಾಪಿಗೆ ಹೋಯಿತು. ಉಳಿದರ್ಧ, ಅದೇ ಕರಾವು ಕೇಳುವ ಕೆಲಸ, ಯಾರ ಪಾಲಿಗೂ ಬರಲಿಲ್ಲ. “ಊಟಕ್ಕೆ ಮುಂಚೆನಾ, ಆಮೇಲಾ?” ಅಂತ ಇವತ್ತಿಗೂ ಜನ ಮೆಡಿಕಲ್ ಶಾಪಿನ ಹುಡುಗನನ್ನು ಕೇಳುತ್ತಾರೆ. ಅವನು ಸ್ಕ್ಯಾನರ್ ತೋರಿಸುತ್ತಾನೆ.

ಇನ್ನು ಸರ್ಕಾರದ ಕಡೆ. ಇದನ್ನು ಬೇಗ ಹೇಳಿ ಮುಗಿಸುತ್ತೇನೆ. 1946ರ ಭೋರ್ ಸಮಿತಿ ವರದಿ ಪ್ರಾಥಮಿಕ ಆರೋಗ್ಯ ಕೇಂದ್ರದ ಕಲ್ಪನೆ ಕೊಟ್ಟಿತು. ನಂತರ ಒಂದೊಂದು ರೋಗಕ್ಕೆ ಒಬ್ಬೊಬ್ಬರು ಬಂದರು. ಮಲೇರಿಯಾದವರು ಬೆರಳು ಚುಚ್ಚಿ ರಕ್ತ ತೆಗೆದು, ಬಾಗಿಲ ಪಕ್ಕದ ಗೋಡೆ ಮೇಲೆ ತಾರೀಕು ಬರೆದು ಹೋಗುತ್ತಿದ್ದರು. ದಾಕು, ಅಂದರೆ ಲಸಿಕೆ, ಹಾಕುವವರು ಬಂದರೆ ಮಕ್ಕಳು ಹಿತ್ತಲಿಗೆ ಓಟ. ಕುಟುಂಬ ಯೋಜನೆಯವರು ಬಂದರೆ ದೊಡ್ಡವರು ಹಿತ್ತಲಿಗೆ. 1973ರಲ್ಲಿ ಕರ್ತಾರ್ ಸಿಂಗ್ ಸಮಿತಿ ಇವರನ್ನೆಲ್ಲ ಸೇರಿಸಿ ವಿವಿಧೋದ್ದೇಶ ಕಾರ್ಯಕರ್ತರು ಅಂತ ಮಾಡಿ ಅಂದಿತು. ಹೆರಿಗೆ ಮಾಡಿಸುತ್ತಿದ್ದ ಎಎನ್‌ಎಂ, ಮಹಿಳಾ ಆರೋಗ್ಯ ಕಾರ್ಯಕರ್ತೆ ಆದರು. ಈಗ ನಮ್ಮ ರಾಜ್ಯದಲ್ಲಿ ಅವರ ಹೆಸರು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಬಾಗಿಲಿಗೆ ಬೋರ್ಡು ಹಾಕಿದರೆ ಎರಡು ಸಾಲು ಬೇಕು. ಜನ ಕರೆಯುವುದು ಮಾತ್ರ ಸಿಸ್ಟರ್ ಅಂತಲೇ.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ ಆಶಾ ಕಾರ್ಯಕರ್ತೆಯರು ಬಂದರು. ಹಳ್ಳಿಯಲ್ಲಿ 1000 ಜನಕ್ಕೆ ಒಬ್ಬರು. 2013ರಲ್ಲಿ ನಗರದ ಅಭಿಯಾನ ಶುರುವಾಯಿತು. 50,000 ಜನಕ್ಕೆ ಒಂದು ನಗರ ಆರೋಗ್ಯ ಕೇಂದ್ರ ಅನ್ನುವ ಲೆಕ್ಕ ಅಲ್ಲಿಂದ. 2018ರಲ್ಲಿ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ ಬಂದರು. ಹೆಚ್ಚಿನವರು ನರ್ಸಿಂಗ್ ಓದಿ, ಮೇಲೆ ತರಬೇತಿ ಪಡೆದವರು. ಬಿಪಿ, ಶುಗರ್ ನೋಡಿ, ಡಾಕ್ಟರು ಗೊತ್ತುಮಾಡಿದ ಮಾತ್ರೆಯನ್ನು ತಿಂಗಳು ತಿಂಗಳು ಕೊಟ್ಟು, ಬೇಕಾದರೆ ಇ-ಸಂಜೀವಿನಿಯಲ್ಲಿ ದೂರದ ಡಾಕ್ಟರನ್ನು ಪರದೆ ಮೇಲೆ ತೋರಿಸುವವರು ಇವರೇ. 2022ರ ಡಿಸೆಂಬರಿನಲ್ಲಿ ‘ನಮ್ಮ ಕ್ಲಿನಿಕ್’ ಅನ್ನುವ ಹೆಸರಿನ ಸರ್ಕಾರಿ ಕ್ಲಿನಿಕ್‌ಗಳು ಶುರುವಾದವು. ರಾಜ್ಯಕ್ಕೆ 438, ಅದರಲ್ಲಿ ಬೆಂಗಳೂರಿಗೆ ವಾರ್ಡಿಗೊಂದರ ಹಾಗೆ 243 ಅನ್ನುವ ಯೋಜನೆ. ಒಬ್ಬ ಡಾಕ್ಟರು, ಒಬ್ಬ ನರ್ಸು, ಒಬ್ಬ ಲ್ಯಾಬ್ ಟೆಕ್ನಿಷಿಯನ್, ಒಬ್ಬ ಗ್ರೂಪ್ ಡಿ. ಈ ಪಟ್ಟಿಯಲ್ಲಿ ನನ್ನ ಹಳೆಯ ಕಂಪೌಂಡರ್ ಎಲ್ಲಿ ಅಂತ ಹುಡುಕಿದೆ. ಕಾಣಲಿಲ್ಲ. ಅಂದರೆ ಆ ಕಿಟಕಿಯ ಕೆಲಸವೂ ನರ್ಸ್ ತಲೆಗೇ.

ಇದಿಷ್ಟು ಕಾಗದದ ಮೇಲಿನ ಚರಿತ್ರೆ. ಕೆಲಸಗಳು ಮೇಲಿನಿಂದ ಕೆಳಗೆ ದಾಟುತ್ತಾ ಬಂದಿವೆ. ಡಾಕ್ಟರಿಂದ ನರ್ಸಿಗೆ, ನರ್ಸಿಂದ ಆಶಾಗೆ. ನನ್ನ ತಕರಾರು ಒಂದೇ. ಕೆಲಸ ದಾಟಿಸುವಾಗ ಅದರ ಜೊತೆ ಹೋಗಬೇಕಾದದ್ದನ್ನು ನಾವು ಡಾಕ್ಟರುಗಳು ನಮ್ಮ ಹತ್ತಿರವೇ ಇಟ್ಟುಕೊಳ್ಳುತ್ತೇವೆ. ಹೇಗೆ ಅಂತ ನನ್ನ ಕ್ಲಿನಿಕ್‌ನಲ್ಲೇ ತೋರಿಸುತ್ತೇನೆ. ಬೇರೆಯವರ ತಪ್ಪು ಹೇಳಿದರೆ ನೀವು ಚಪ್ಪಾಳೆ ಹೊಡೆಯುತ್ತೀರಿ, ನನ್ನದು ಹೇಳಿದರೆ ಕೇಳಿಸಿಕೊಳ್ಳುತ್ತೀರಿ.

ನನ್ನ ಕ್ಲಿನಿಕ್ ಅಂದರೆ ಹತ್ತಡಿ ಹನ್ನೆರಡಡಿಯ ಒಂದು ರೂಮು, ಹೊರಗೆ ಬೆಂಚು ಹಾಕಿದ ಒಂದು ಪಡಸಾಲೆ. ಸಂಜೆ ಆರರಿಂದ ಒಂಬತ್ತು ಅಂದರೆ ಕಾಲಿಡಲು ಜಾಗವಿಲ್ಲ. ಅರ್ಧದಷ್ಟು ಜನ ಬರೀ ಬಿಪಿ, ಶುಗರಿಗೆ ಬರುವವರು. ಒಬ್ಬ ಸಿಸ್ಟರನ್ನು ಕೆಲಸಕ್ಕೆ ಇಟ್ಟುಕೊಂಡೆ. ಜನರಲ್ ನರ್ಸಿಂಗ್ ಓದಿದವರು, ದೊಡ್ಡ ಆಸ್ಪತ್ರೆಯಲ್ಲಿ ಏಳು ವರ್ಷ ಕೆಲಸ ಮಾಡಿದವರು. ಇನ್ನು ಮೇಲೆ ಬಿಪಿ, ಶುಗರ್ ಸಿಸ್ಟರ್ ನೋಡುತ್ತಾರೆ ಅಂತ ಒಂದು ಚೀಟಿ ಬರೆದು ಗೋಡೆಗೆ ಅಂಟಿಸಿದೆ. ಯಾರೂ ಹೋಗಲಿಲ್ಲ. “ಇರ್ಲಿ ಸಿಸ್ಟರ್, ಡಾಕ್ಟ್ರೇ ನೋಡ್ಲಿ” ಅಂತ ಬೆಂಚಿನ ಮೇಲೆ ಒಂದು ಗಂಟೆ ಕಾಯುತ್ತಿದ್ದರು. ಎರಡು ತಿಂಗಳು ಹೀಗೇ ನಡೆಯಿತು. ನಮ್ಮ ಜನಕ್ಕೆ ಡಾಕ್ಟರ ಕೈಯೇ ಬೇಕು, ಏನು ಮಾಡೋಕಾಗುತ್ತೆ ಅಂತ ನಾನು ಕೈಬಿಡುವುದರಲ್ಲಿದ್ದೆ.

ಒಂದು ದಿನ ಸಿಸ್ಟರ್ ಬಂದು ಕೇಳಿದರು, “ಸಾರ್, ನನಗೊಂದು ಟೇಬಲ್ ಕುರ್ಚಿ ಹಾಕಿಸಿಕೊಡ್ತೀರಾ?”

“ಎಲ್ಲಮ್ಮ ಜಾಗ?” ಅಂದೆ.

“ಆ ಮೀನಿನ ತೊಟ್ಟಿ ತೆಗೆದರೆ ಆಗುತ್ತೆ.”

ಆಗ ತಲೆಯೆತ್ತಿ ನೋಡಿದೆ. ಎರಡು ತಿಂಗಳಿಂದ ಈ ಹೆಂಗಸು ನಿಂತೇ ಇದ್ದಾರೆ. ಬಿಪಿ ಮಿಷನ್ನನ್ನು ಕಂಕುಳಲ್ಲಿ ಇಟ್ಟುಕೊಂಡು, ಬೆಂಚಿನ ಮೇಲೆ ಕೂತವರ ಮುಂದೆ ಬಗ್ಗಿ ನಿಂತು, ‘ನೋಡ್ಲಾ?’ ಅಂತ ಕೇಳುತ್ತಿದ್ದಾರೆ. ಕಾಫಿ ಬೇಕಾ ಅಂತ ಕೇಳಿದ ಹಾಗೆ. ಕುರ್ಚಿ ನನಗೊಂದು, ರೋಗಿಗೊಂದು ಸ್ಟೂಲು, ಮೀನಿಗೆ ಒಂದು ತೊಟ್ಟಿ.

ತೊಟ್ಟಿ ತೆಗೆದೆವು. ಮೀನುಗಳನ್ನು ಎದುರು ಮನೆಯ ಹುಡುಗ ತೆಗೆದುಕೊಂಡು ಹೋದ. ಆ ಜಾಗದಲ್ಲಿ ಒಂದು ಟೇಬಲ್, ಎರಡು ಕುರ್ಚಿ, ಅವರದೇ ರಿಜಿಸ್ಟರ್, ಅವರ ಹೆಸರಿನ ಒಂದು ಬೋರ್ಡು. ಒಂದು ವಾರದಲ್ಲಿ ಜನ ಅಲ್ಲಿ ಕೂರಲು ಶುರುಮಾಡಿದರು. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇನ್ನೊಂದು ಕೆಲಸವನ್ನೂ ಮಾಡಿದೆ ಅನ್ನಿ. ಸಿಸ್ಟರ್ ಬರೆದ ಅಂಕಿಯನ್ನು ನಾನು ಮತ್ತೆ ನೋಡುವುದನ್ನು ನಿಲ್ಲಿಸಿದೆ. ಅವರು ನೋಡಿದ ಮೇಲೆ ನಾನೂ ಒಂದು ಸಲ ಪಟ್ಟಿ ಸುತ್ತಿದರೆ, ರೋಗಿಗೆ ಅಲ್ಲಿಗೆ ಅರ್ಥವಾಯಿತು, ಹೊರಗೆ ನಡೆದದ್ದು ಸುಮ್ನೆ ಆಟ ಅಂತ.

ಡಾಕ್ಟರು ನೋಡಿದರೆ ಬಿಪಿ ಸ್ವಲ್ಪ ಮೇಲಕ್ಕೆ ಹೋಗುತ್ತದೆ, ನರ್ಸ್ ನೋಡಿದರೆ ಅಷ್ಟು ಹೋಗುವುದಿಲ್ಲ. ಇದು ಎಷ್ಟೋ ಕಾಲದಿಂದ ಗೊತ್ತಿರುವ ವಿಷಯ. ಬಿಳಿ ಕೋಟಿನ ಬಿಪಿ ಅನ್ನುತ್ತಾರೆ. ನನ್ನ ಕೈಯಲ್ಲಿ 160 ತೋರಿಸುತ್ತಿದ್ದ ಒಬ್ಬರು ಸಿಸ್ಟರ್ ಟೇಬಲ್ಲಿನಲ್ಲಿ 144. ನಾನು ಅವರಿಗೆ ಎಷ್ಟು ವರ್ಷ ಒಂದು ಮಾತ್ರೆ ಜಾಸ್ತಿ ಕೊಟ್ಟಿದ್ದೆನೋ! ಇದಕ್ಕಿಂತ ದೊಡ್ಡ ಲಾಭ ಬೇರೆ ಇತ್ತು. ಆ ಟೇಬಲ್ಲಿನಲ್ಲಿ ಜನ ನಿಜ ಹೇಳತೊಡಗಿದರು. “ಸಿಸ್ಟರ್, ಮಾತ್ರೆ ದಿನ ಬಿಟ್ಟು ದಿನ ತಗೋತೀನಿ, ತಿಂಗಳ ಕೊನೇಲಿ ದುಡ್ಡು ಸಾಲಲ್ಲ. ಡಾಕ್ಟ್ರಿಗೆ ಹೇಳ್ಬೇಡಿ.” ಸಿಸ್ಟರ್ ಬಂದು ಹೇಳುತ್ತಿದ್ದರು. ನಾನು ಕೇಳಿಸಿಕೊಳ್ಳದವನ ಹಾಗೆ ಕಡಿಮೆ ಬೆಲೆಯ ಮಾತ್ರೆಗೆ ಬದಲಾಯಿಸುತ್ತಿದ್ದೆ.

ಈಗ ತಪ್ಪಿನ ಕತೆ. ಮುಂದಿನ ಟೇಬಲ್ಲಿನಲ್ಲಿ ಟೋಕನ್ ಕೊಡಲು ಒಂದು ಹುಡುಗಿ ಇದ್ದಳು. ಪಿಯುಸಿ ಮುಗಿಸಿದವಳು, ಚುರುಕು. ಸಿಸ್ಟರ್ ಪ್ರಯೋಗ ಗೆದ್ದಿತಲ್ಲ, ನನಗೆ ಹುಮ್ಮಸ್ಸು. ಬಿಪಿ ಹತೋಟಿಯಲ್ಲಿದ್ದು ಬರೀ ಅದೇ ಮಾತ್ರೆ ಬೇಕಾದವರಿಗೆ ಇವಳೇ ಹಳೇ ಚೀಟಿ ನೋಡಿ ಹೊಸ ಚೀಟಿ ಬರೆದಿಡಲಿ, ನಾನು ಸಹಿ ಹಾಕುತ್ತೇನೆ ಅಂದೆ. ಕ್ಯೂ ಕರಗಿತು. ಎಲ್ಲರಿಗೂ ಖುಷಿ.

ಶ್ರೀನಗರದ ಕಡೆಯಿಂದ ಬರುತ್ತಿದ್ದ ಒಬ್ಬರು ನಿವೃತ್ತ ಬಸ್ ಕಂಡಕ್ಟರ್. ಎಂಟು ತಿಂಗಳು ಹೀಗೇ ಚೀಟಿ ತೆಗೆದುಕೊಂಡು ಹೋದರು. ಎಂಟು ಸಹಿ ಹಾಕಿದ್ದೇನೆ, ಮುಖ ನೋಡಿಲ್ಲ. ಒಂಬತ್ತನೇ ತಿಂಗಳು ಅವರ ಮಗಳು ಕರೆದುಕೊಂಡು ಬಂದಳು. ಎರಡೂ ಕಾಲು ಊದಿಕೊಂಡು, ಒತ್ತಿದರೆ ಗುಳಿ ಬೀಳುತ್ತಿತ್ತು. ಅಮ್ಲೋಡಿಪಿನ್ ಮಾತ್ರೆಯಿಂದ ಕೆಲವರಿಗೆ ಹಾಗಾಗುತ್ತದೆ. ಹೃದಯ, ಕಿಡ್ನಿ ಎಲ್ಲ ನೋಡಿಸಿದ ಮೇಲೆ ಮಾತ್ರೆಯದೇ ಅಂತ ಗೊತ್ತಾಯಿತು, ಬದಲಾಯಿಸಿದ ಮೇಲೆ ಇಳಿಯಿತು. ಪುಣ್ಯಕ್ಕೆ ಅಷ್ಟರಲ್ಲೇ ಮುಗಿಯಿತು. ಆದರೆ ಆ ಮನುಷ್ಯ ಆರು ತಿಂಗಳು ವಾಕಿಂಗ್ ಬಿಟ್ಟು, ವಯಸ್ಸಾಯ್ತು ಅಂದುಕೊಂಡು ಮನೆಯಲ್ಲಿ ಕೂತಿದ್ದರು.

ಆ ರಾತ್ರಿ ಹುಡುಗಿಯನ್ನು ಕೇಳಿದೆ, ನಿನಗೇನೂ ಕಾಣಿಸಲಿಲ್ಲವಾ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಕಾಣಿಸಿತ್ತು ಸಾರ್. ಮೊದಲು ಬೂಟು ಹಾಕ್ಕೊಂಡು ಬರ್ತಿದ್ರು. ಆಮೇಲೆ ಚಪ್ಪಲಿ. ಆಮೇಲೆ ಚಪ್ಪಲಿ ಪಟ್ಟಿ ಬಿಚ್ಚಿ ಎಳ್ಕೊಂಡು ಬರೋರು.”

“ಮತ್ತೆ ಯಾಕೆ ಹೇಳಲಿಲ್ಲ?”

“ಅದು ನಾನು ಹೇಳೋದಾ ಸಾರ್?”

ನೋಡಿ, ನಾನು ಅವಳಿಗೆ ಚೀಟಿ ಬರೆಯುವ ಕೆಲಸ ಕೊಟ್ಟಿದ್ದೆ. ನನ್ನ ಬಾಗಿಲು ತಳ್ಳಿಕೊಂಡು ಒಳಗೆ ಬರುವ ಹಕ್ಕು ಕೊಟ್ಟಿರಲಿಲ್ಲ. ಮರುದಿನದಿಂದ ಪದ್ಧತಿ ಬದಲಾಯಿತು. ಚೀಟಿ ಬರೆಯುವುದು ಸಿಸ್ಟರ್. ಮೂರು ತಿಂಗಳಿಗೊಮ್ಮೆ ನಾನು ನೋಡಲೇಬೇಕು. ಕಾಲು ಊತ, ತಲೆಸುತ್ತು, ತೂಕ ಇಳಿದದ್ದು, ಒಣಕೆಮ್ಮು, ಈ ನಾಲ್ಕನ್ನು ಕೇಳಿಯೇ ಬರೆಯಬೇಕು. ಕಾರ್ಡಿನ ಮೂಲೆಯಲ್ಲಿ ಕೆಂಪು ಪೆನ್ಸಿಲ್ಲಿನ ಗೀಟು ಬಿದ್ದರೆ ಒಳಗೆ ಯಾರೇ ಇರಲಿ ಆ ರೋಗಿಯನ್ನು ನೇರ ಕಳಿಸಬೇಕು. ಕೆಂಪು ಪೆನ್ಸಿಲ್ ಮೂರು ಜನರ ಹತ್ತಿರ ಇತ್ತು: ಸಿಸ್ಟರ್, ಈ ಹುಡುಗಿ, ನಮ್ಮ ಆಯಮ್ಮ.

ಆಯಮ್ಮನಿಗೆ ಯಾಕೆ ಅನ್ನುತ್ತೀರಾ? ಬೆಂಗಳೂರಿನಲ್ಲಿ ಕ್ಲಿನಿಕ್ ನಡೆಸಿದವರನ್ನು ಕೇಳಿ. ನನಗೆ ಕನ್ನಡ, ಇಂಗ್ಲಿಷು, ಅಷ್ಟಿಷ್ಟು ಹಿಂದಿ. ನಮ್ಮ ಆಯಮ್ಮ ಕಾಟನ್‌ಪೇಟೆಯಲ್ಲಿ ಹುಟ್ಟಿ ಬೆಳೆದವರು. ಮನೆಮಾತು ತಮಿಳು, ಬೀದಿಯ ಮಾತು ಉರ್ದು, ತೆಲುಗು ಗಂಡನ ಕಡೆಯಿಂದ, ಕನ್ನಡ ಎಲ್ಲರ ಜೊತೆ. ಕಟ್ಟಡದ ಕೆಲಸಕ್ಕೆ ಬಂದ ಹುಡುಗರ ಜೊತೆ ಅದ್ಯಾವ ಹಿಂದಿಯೋ, ಕೆಲಸ ಆಗುತ್ತಿತ್ತು. ‘ವಯಿರು ಎರಿಯುದು’ ಅಂದರೆ ಹೊಟ್ಟೆ ಉರಿಯುತ್ತಿದೆ ಅಂತಷ್ಟೇ ಹೇಳಿ ಸುಮ್ಮನಾಗುತ್ತಿರಲಿಲ್ಲ. “ಅತ್ತೆ ಪಕ್ಕದಲ್ಲಿದ್ದಾರೆ ಸಾರ್, ಆಚೆ ಕಳಿಸಿ ಕೇಳಿ” ಅಂತಲೂ ಕನ್ನಡದಲ್ಲಿ ಸೇರಿಸುತ್ತಿದ್ದರು. ಯಾವ ಹುದ್ದೆಯ ಪಟ್ಟಿಯಲ್ಲೂ ಈ ಕೆಲಸ ಬರೆದಿಲ್ಲ. ಗ್ರೂಪ್ ಡಿ ಅಂದರೆ ನೆಲ ಒರೆಸುವುದು, ಫೈಲು ತರುವುದು. ಅವರ ಸಂಬಳವನ್ನು ನಾನು ಜಾಸ್ತಿ ಮಾಡಿದ್ದೂ ತಡವಾಗಿಯೇ. ಅದನ್ನೂ ಹೇಳಿಬಿಡುತ್ತೇನೆ.

ಡಾಕ್ಟರಲ್ಲದವರಿಂದ ಇದೆಲ್ಲ ಆಗುತ್ತದಾ ಅಂತ ಕೇಳುವವರಿಗೆ ನಮ್ಮ ಊರಿನದೇ ಒಂದು ಉದಾಹರಣೆ ಇದೆ. 1970ರ ದಶಕದಲ್ಲಿ ನಿಮ್ಹಾನ್ಸ್‌ನವರು ಬನ್ನೇರುಘಟ್ಟದ ಹತ್ತಿರ ಸಕಲವಾರದಲ್ಲಿ ಒಂದು ಕೇಂದ್ರ ತೆರೆದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಮನೆ ಮನೆ ತಿರುಗುವ ಕಾರ್ಯಕರ್ತರಿಗೆ ಮೂರ್ಛೆ ರೋಗ, ಮಾನಸಿಕ ಕಾಯಿಲೆ ಗುರುತಿಸಲು ಕಲಿಸಿದರು. ಆಗ ಹುಚ್ಚು ಅಂದರೆ ಆಸ್ಪತ್ರೆಯ ದೊಡ್ಡ ಗೋಡೆ ಅಂತಿದ್ದ ಕಾಲ. 1980ರ ದಶಕದಲ್ಲಿ ಅದನ್ನೇ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಮೇಲೆ ಮಾದರಿಯಾದದ್ದು ಈ ಬಳ್ಳಾರಿಯೇ.

ಗೋವಾದಲ್ಲಿ ನಡೆದ ಇನ್ನೊಂದು ಅಧ್ಯಯನ ನನಗೆ ಇನ್ನೂ ಇಷ್ಟ, ಯಾಕೆಂದರೆ ಅದು ನನ್ನಂಥವರ ಮೂಗಿಗೆ ಒಂದು ಪೆಟ್ಟು ಕೊಡುತ್ತದೆ. 2010ರಲ್ಲಿ ಪ್ರಕಟವಾಯಿತು. 12 ಸರ್ಕಾರಿ ಕೇಂದ್ರ, 12 ಖಾಸಗಿ ಕ್ಲಿನಿಕ್. ಡಾಕ್ಟರಲ್ಲದ, ತರಬೇತಿ ಪಡೆದ ಸ್ಥಳೀಯರೇ ಖಿನ್ನತೆ ಇರುವವರ ಜೊತೆ ಕೂತು ಮಾತಾಡುವುದು, ಬೆನ್ನು ಹತ್ತಿ ವಿಚಾರಿಸುವುದು. ಸರ್ಕಾರಿ ಕೇಂದ್ರಗಳಲ್ಲಿ ಗುಣವಾದವರು ಹೆಚ್ಚಾದರು. ಖಾಸಗಿ ಕಡೆ ವ್ಯತ್ಯಾಸವೇ ಕಾಣಲಿಲ್ಲ. ಅಲ್ಲಿ ಮೊದಲೇ ಚೆನ್ನಾಗಿ ಗುಣವಾಗುತ್ತಿದ್ದರು. ರೋಗಿ ಮತ್ತೆ ಮತ್ತೆ ಅದೇ ಡಾಕ್ಟರ ಹತ್ತಿರ ಬರುವುದು ಅದಕ್ಕೆ ಒಂದು ಕಾರಣ ಇರಬಹುದು ಅಂತ ನನ್ನ ಊಹೆ. ಖಾಸಗಿಯವರಿಗೆ ಖುಷಿಪಡುವ ವಿಷಯ ಅಲ್ವಾ ಅಂತ ನನ್ನ ಸ್ನೇಹಿತರೊಬ್ಬರು ಕೇಳಿದರು. ಅಷ್ಟು ಬೇಡ ಅಂದೆ. ಹೊಸಬರನ್ನು ಕರೆತಂದು ಕೂರಿಸಿದ ಮಾತ್ರಕ್ಕೆ ಎಲ್ಲ ಕಡೆಯೂ ಒಂದೇ ಥರ ಫಲ ಸಿಗುವುದಿಲ್ಲ ಅನ್ನುವುದು ನಾನು ಅದರಿಂದ ಕಲಿತದ್ದು. ಎಲ್ಲಿ ಯಾವ ಜಾಗ ಖಾಲಿ ಇದೆ ಅಂತ ಮೊದಲು ನೋಡಬೇಕು. ಹೊಡೆತ ಬೀಳುವುದು ‘ನಮ್ಮಲ್ಲೂ ಒಬ್ಬ ಕೌನ್ಸೆಲರ್ ಇದ್ದಾರೆ’ ಅಂತ ಬೋರ್ಡು ಹಾಕಿ ಫೀಸು ಏರಿಸುವವರಿಗೆ.

ಇಂಗ್ಲೆಂಡಿನ ವಿಷಯ ಹೇಳಿ ಅಂತ ಮೊದಲೇ ಒಬ್ಬರು ಚೀಟಿ ಕಳಿಸಿದ್ದರು. ಅಲ್ಲಿ ಹೊಸ ಹುದ್ದೆಗಳು ಬಂದಿವೆ. 2019ರಿಂದ ಅಲ್ಲಿನ ಬಡಾವಣೆ ಕ್ಲಿನಿಕ್‌ಗಳ ಗುಂಪುಗಳಿಗೆ ಫಾರ್ಮಸಿಸ್ಟ್, ಫಿಸಿಯೋಥೆರಪಿಸ್ಟ್ ಮುಂತಾದವರ ಸಂಬಳವನ್ನು ಸರ್ಕಾರವೇ ಕೊಡುತ್ತದೆ. ಒಂಟಿಯಾಗಿರುವ ಮುದುಕರನ್ನು ಹಾಡಿನ ಗುಂಪಿಗೋ ತೋಟದ ಕೆಲಸಕ್ಕೋ ಸೇರಿಸುವುದೇ ಒಬ್ಬರ ಉದ್ಯೋಗ. ಅದರ ಜೊತೆ ಜಗಳವೂ ಬಂತು. ಡಾಕ್ಟರ ಓದು ಓದದೆ, ಡಾಕ್ಟರ ಕೈಕೆಳಗೆ ರೋಗಿಗಳನ್ನು ನೋಡುವ ಫಿಸಿಶಿಯನ್ ಅಸೋಸಿಯೇಟ್ ಅನ್ನುವವರನ್ನು ಜನ ಡಾಕ್ಟರು ಅಂದುಕೊಂಡರು. 2025ರಲ್ಲಿ ಒಂದು ಸರ್ಕಾರಿ ಪರಿಶೀಲನೆ, ಹೆಸರನ್ನು ಅಸಿಸ್ಟೆಂಟ್ ಅಂತ ಬದಲಾಯಿಸಿ, ಯಾರು ಏನು ಅಂತ ರೋಗಿಗೆ ಗೊತ್ತಾಗಲಿ ಅಂತ ಹೇಳಿತು. ಎದುರಿಗೆ ಕೂತವರು ಯಾರು ಅಂತ ತಿಳಿಯುವುದು ರೋಗಿಯ ಹಕ್ಕು. ನಮ್ಮಲ್ಲಿ ರೋಗಿಗಳು ಈ ಜಗಳ ತೆಗೆಯುವುದು ಕಮ್ಮಿ. ಬಿಳಿ ಕೋಟು ಹಾಕಿದವರೆಲ್ಲ ನಮಗೆ ಡಾಕ್ಟರೇ.

ಕೊನೆಗೆ ಆಶಾ ಕಾರ್ಯಕರ್ತೆಯರು. 2025ರ ಜನವರಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತಿದ್ದರಲ್ಲ, ನಾನೂ ಒಂದು ಮಧ್ಯಾಹ್ನ ಹೋಗಿದ್ದೆ. ತಿಂಗಳಿಗೆ 15,000 ಕೇಳಿದ್ದರು. ಕನಿಷ್ಠ 10,000 ಕೊಡುತ್ತೇವೆ ಅನ್ನುವ ಭರವಸೆ ಮೇಲೆ ಎದ್ದರು. 30 ವರ್ಷ ದಾಟಿದವರ ಮನೆಗೆ ಹೋಗಿ ಸೊಂಟದ ಅಳತೆ ತೆಗೆದು, ಹೊಗೆಸೊಪ್ಪು, ಕುಡಿತ ಎಲ್ಲ ಕೇಳಿ ಫಾರಂ ತುಂಬುವುದು ಈಗ ಇವರ ಕೆಲಸ. ಹೆಸರಿಗೆ ಇವರು ಸ್ವಯಂಸೇವಕಿಯರು. ಬೆಂಗಳೂರಿನ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಊಟ ತರುವ ಹುಡುಗನಿಗೆ ಇರುವ ಮರ್ಯಾದೆ ಇವರಿಗಿಲ್ಲ. ಅವನ ಹೆಸರು ಸೆಕ್ಯೂರಿಟಿಯ ಫೋನಿನಲ್ಲಿ ಬರುತ್ತದೆ, ಇವರದು ಬರುವುದಿಲ್ಲ.

ನನ್ನ ಮಾತು ಇಲ್ಲಿಗೆ ಮುಗಿಸಿದ್ದೆ. ಪ್ರಶ್ನೆಗಳ ಹೊತ್ತಿನಲ್ಲಿ ಹಿಂದಿನ ಸಾಲಿನಿಂದ ಗುಲಾಬಿ ಸೀರೆಯ ಒಬ್ಬರು ಎದ್ದರು. ಆಶಾ ಅಂತ ನೋಡಿದರೇ ಗೊತ್ತಾಗುತ್ತಿತ್ತು.

“ಸಾರ್, ಕುರ್ಚಿ ಕತೆ ಚೆನ್ನಾಗಿತ್ತು. ನಮಗೆ ಕುರ್ಚಿ ಕೊಟ್ರೂ ಕೂರೋಕೆ ಪುರುಸೊತ್ತಿಲ್ಲ. ನಾವು ಕಳಿಸಿದ ರೋಗಿಗೆ ಅಲ್ಲಿ ಏನಾಯ್ತು ಅಂತ ಯಾರೂ ವಾಪಸ್ ಹೇಳಲ್ಲ. ಬೀದೀಲಿ ಅವರ ಮನೆಯವರು ನಮ್ಮನ್ನೇ ಕೇಳ್ತಾರೆ. ಒಂದು ಫೋನು ಮಾಡೋಕೆ ಹೇಳಿ ಸಾರ್, ನಿಮ್ಮ ಡಾಕ್ಟ್ರುಗಳಿಗೆ.”

ನಾನು 34 ವರ್ಷದಲ್ಲಿ ಎಷ್ಟು ಆಶಾಗಳಿಗೆ ಫೋನು ಮಾಡಿದ್ದೆ ಅಂತ ಅಲ್ಲೇ ನಿಂತು ಲೆಕ್ಕ ಹಾಕಿದೆ. ಅವರ ನಂಬರ್ ಬರೆದುಕೊಳ್ಳೋಣ ಅಂತ ಜೇಬಿಗೆ ಕೈಹಾಕಿದೆ. ಪೆನ್ನು ಇರಲಿಲ್ಲ. ಅವರೇ ಕೊಟ್ಟರು.